ಎಡಕ್ಕೋ ಬಲಕ್ಕೋ: ದೇವರಾಜ ಅರಸು ಅವರ ಬಾಳಿನಿಂದ ಒಂದು ವಿಚಾರ

ಒಂದು ರಾಜಕೀಯ ಪಕ್ಷವು ನಡುದಾರಿಯಲ್ಲಿ ನಿಂತು, ಬಡವರ ಕಡೆಗೆ ತುಸು ವಾಲಿಕೊಂಡು, ಬಹುಕಾಲ ಆಳಿಕೆ ನಡೆಸಿರುತ್ತದೆ. ಕಾಲಕ್ರಮದಲ್ಲಿ ಅದರ ಬಲ ಕುಗ್ಗುತ್ತದೆ. ಆಗ ಅದರ ಮುಂದಾಳುಗಳು ಎರಡು ಪಂಗಡವಾಗಿ ವಾದಕ್ಕೆ ನಿಲ್ಲುತ್ತಾರೆ. ಬಡವರಿಗೆ ಕೊಟ್ಟ ಮಾತನ್ನು ನಾವು ನಡೆಸಲಿಲ್ಲ, ಇನ್ನಷ್ಟು ಎಡಕ್ಕೆ ಸರಿಯೋಣ ಎನ್ನುವುದು ಒಂದು ಪಂಗಡ. ಉಳ್ಳವರನ್ನು ಹೆದರಿಸಿ ಉತ್ಪತ್ತಿಯನ್ನು ಕೆಡಿಸಿದೆವು, ಬಲಕ್ಕೆ ಸರಿಯೋಣ ಎನ್ನುವುದು ಇನ್ನೊಂದು. ಇಂಗ್ಲೆಂಡಿನ ಲೇಬರ್ ಪಕ್ಷವು ೧೯೫೧ರ ಸೋಲಿನ ತರುವಾಯ ವರ್ಷಗಟ್ಟಲೆ ಈ ಜಗಳವನ್ನಾಡಿತು. ನಮ್ಮ ದೇಶದಲ್ಲಿ ಇದರ ಬಹುದೊಡ್ಡ ಪ್ರಸಂಗವೊಂದು ನಡೆದದ್ದು ಪರಸ್ಥಳದಲ್ಲಲ್ಲ. ೧೯೬೯ರ ಜುಲೈ ತಿಂಗಳಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಅಂದು ಒಡೆದ ದಾರಿಗಳಲ್ಲಿ ಒಂದನ್ನು ಹಿಡಿದು ಕೊನೆಯವರೆಗೂ ನಡೆದು ನೋಡಿದ ಕನ್ನಡಿಗರೊಬ್ಬರ ಬಾಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡುವುದು ನನ್ನ ಉದ್ದೇಶ. ಅವರೇ ದಿವಂಗತ ಡಿ. ದೇವರಾಜ ಅರಸು ಅವರು.

ಚರಿತ್ರೆಯ ಪುಸ್ತಕಗಳಲ್ಲಿ ಎಡ ಬಲಗಳೆಂಬ ಮಾತುಗಳು ದೊಡ್ಡ ಸಿದ್ಧಾಂತಗಳಂತೆ ಕಾಣುತ್ತವೆ. ಕೊಳ್ಳೇಗಾಲದ ಸೀಮೆಯ ಶಾಗ್ಯದಂಥ ಊರಿನಿಂದ ಬಂದ ನನ್ನಂಥವನಿಗೆ ಅವುಗಳ ಅರ್ಥ ಬಹಳ ಸರಳ. ಹೊಲ ಯಾರದು, ಸಾಲ ಯಾರ ಹತ್ತಿರ, ಮಗ ಓದಬೇಕಾದರೆ ಅನ್ನ ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಸರ್ಕಾರ ಕೊಡುವ ಉತ್ತರವೇ ಅದರ ಎಡ ಅಥವಾ ಬಲ. ಈ ಅಳತೆಗೋಲನ್ನೇ ಹಿಡಿದು ಅರಸು ಅವರನ್ನು ನೋಡೋಣ.

ದೇವರಾಜ ಅರಸು ಅವರು ೧೯೧೫ನೆಯ ಇಸವಿ ಆಗಸ್ಟ್ ೨೦ರಂದು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದರು. ಅವರದು ಅರಸು ಮನೆತನ. ಮೈಸೂರಿನ ರಾಜವಂಶದೊಡನೆ ನಂಟು ಇದ್ದ ಜನಾಂಗವೆಂಬ ಗೌರವ ಅದಕ್ಕಿತ್ತಾದರೂ, ಸಂಖ್ಯೆಯಲ್ಲಿ ಅದು ತೀರ ಸಣ್ಣದು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆಲ್ಲ ಇದೇ ಬೀಜ. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿಯೂ, ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಅವರು ವ್ಯಾಸಂಗ ಮಾಡಿ ಪದವೀಧರರಾದರು. ಆ ಕಾಲದ ಪದವೀಧರರು ಸಂಸ್ಥಾನದ ನೌಕರಿಯನ್ನು ಹುಡುಕಿಕೊಂಡು ಹೋಗುವುದು ರೂಢಿ. ಅರಸು ಅವರಾದರೋ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. ಕುಸ್ತಿಯಲ್ಲಿ ಪಳಗಿದ ಕಟ್ಟುಮಸ್ತಾದ ದೇಹ, ಪುಸ್ತಕಗಳಲ್ಲಿ ಆಸಕ್ತಿ, ನೇಗಿಲ ಪರಿಚಯ, ಈ ಮೂರೂ ಒಬ್ಬರಲ್ಲಿ ಕೂಡಿದ್ದುದು ಅಪರೂಪವೇ ಸರಿ.

೧೯೪೧ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದರು. ಸ್ವಾತಂತ್ರ್ಯ ಬಂದ ಮೇಲೆ, ೧೯೫೨ರ ಮೊದಲನೆಯ ಮಹಾಚುನಾವಣೆಯಲ್ಲಿ, ಹುಣಸೂರಿನಿಂದ ಮೈಸೂರು ವಿಧಾನಸಭೆಗೆ ಆರಿಸಿ ಬಂದರು. ಆ ಕಾಲದಲ್ಲಿ ನಮ್ಮ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ನಮ್ಮ ಹಿರಿಯರಿಗೆ ೧೯೫೨ರಿಂದ ೫೪ರವರೆಗೆ ಮುಖ್ಯಮಂತ್ರಿಗಳಾಗಿದ್ದವರು ರಾಜಾಜಿಯವರು, ಅನಂತರ ಕಾಮರಾಜರು. ೧೯೫೬ರ ನವೆಂಬರ್ ೧ರಂದು ರಾಜ್ಯಗಳು ಹೊಸದಾಗಿ ರಚಿತವಾದಾಗ ಮಾತ್ರ ನಾವು ಮೈಸೂರು ರಾಜ್ಯದವರಾದೆವು. ಪಕ್ಕದ ಯಳಂದೂರಿನ ಕಥೆಯೇ ಬೇರೆ. ಅದು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಸೀಮೆ. ಹೀಗೆ ಒಂದೇ ದಿನದ ನಡಿಗೆಯ ದೂರದಲ್ಲಿ, ಭೂಮಿಯ ಹಕ್ಕಿನ ಎರಡು ಬೇರೆ ಬೇರೆ ಚರಿತ್ರೆಗಳು ಇದ್ದವು. ಇಡೀ ರಾಜ್ಯವನ್ನು ತೆಗೆದುಕೊಂಡರೆ ಈ ಬಗೆಗಳು ಇನ್ನೂ ಹೆಚ್ಚು. ಉಳುವವನು ಯಾರು, ಒಡೆಯನು ಯಾರು ಎಂಬ ಪ್ರಶ್ನೆಗೆ ಒಂದೇ ಕಾನೂನಿನಲ್ಲಿ ಉತ್ತರ ಬರೆಯುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿದೀತು.

ಕಾಂಗ್ರೆಸ್ಸು ಮಾತಿನಲ್ಲಿ ಎಡಕ್ಕೆ ವಾಲಿದ್ದು ಬಹಳ ಹಿಂದೆಯೇ. ೧೯೫೫ರ ಆವಡಿ ಅಧಿವೇಶನದಲ್ಲಿ ಸಮಾಜವಾದಿ ಮಾದರಿಯ ಸಮಾಜವೇ ಗುರಿಯೆಂದು ಸಾರಿತು. ೧೯೫೯ರಲ್ಲಿ ನಾಗಪುರದಲ್ಲಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಅದನ್ನು ಸಹಿಸದೆ ರಾಜಾಜಿಯವರು ಅದೇ ವರ್ಷ ಸ್ವತಂತ್ರ ಪಕ್ಷವನ್ನು ಕಟ್ಟಿದರು. ೧೯೬೪ರಲ್ಲಿ ಭುವನೇಶ್ವರದಲ್ಲಿ ಪ್ರಜಾಸತ್ತಾತ್ಮಕ ಸಮಾಜವಾದದ ಮಾತು ಬಂತು. ಆದರೆ ನಿರ್ಣಯಗಳು ದೆಹಲಿಯ ಕಡೆ ಎಡಕ್ಕೆ ನೋಡುತ್ತಿದ್ದಾಗ, ಊರುಗಳಲ್ಲಿ ಪಕ್ಷದ ಯಜಮಾನಿಕೆ ಜಮೀನುಳ್ಳವರ ಕೈಯಲ್ಲಿಯೇ ಇತ್ತು. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ, ಅವರ ಪಕ್ಕದಲ್ಲಿ ನಿಂತವರು ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು. ಆಳುವ ಪಕ್ಷವು ಅವರ ಎದುರಿಗಿತ್ತು. ಮೈಸೂರು ಭೂಸುಧಾರಣಾ ಶಾಸನ ೧೯೬೧ರಲ್ಲಿ ಮಾಡಲ್ಪಟ್ಟು, ೧೯೬೫ರಲ್ಲಿ ಜಾರಿಗೆ ಬಂತು. ಅದರಲ್ಲಿ ಸ್ವಂತ ಬೇಸಾಯಕ್ಕೆಂಬ ನೆಪದಿಂದ ಒಡೆಯನು ಜಮೀನನ್ನು ಹಿಂದಕ್ಕೆ ಪಡೆಯಲು ಅವಕಾಶ ಉಳಿದಿತ್ತು. ಶಾಸನ ಬರುವ ಸುಳಿವು ಸಿಕ್ಕೊಡನೆ ಜಾಣ ಒಡೆಯರು ಒಕ್ಕಲನ್ನು ಬಿಡಿಸಿಬಿಡುವುದಕ್ಕೂ, ಮನೆಮಂದಿಯ ಹೆಸರಿಗೆ ಭಾಗಪತ್ರ ಮಾಡಿಸುವುದಕ್ಕೂ ಸಮಯ ದೊರೆಯಿತು. ಅರಸು ಅವರು ಈ ವರ್ಷಗಳಲ್ಲೆಲ್ಲ ಕಾಂಗ್ರೆಸ್ಸಿನಲ್ಲೇ ಇದ್ದರು. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಸಚಿವರೂ ಆಗಿದ್ದರು. ಹುಟ್ಟಿನಿಂದಲೇ ಬಂದ ಕ್ರಾಂತಿಕಾರಿ ಅವರಲ್ಲ. ಒಂದು ಪಕ್ಷದೊಳಗಿನ ಮಾತಿಗೂ ನಡತೆಗೂ ಇರುವ ಅಂತರವನ್ನು ಇಪ್ಪತ್ತು ವರ್ಷ ಹತ್ತಿರದಿಂದ ಕಂಡವರು.

೧೯೬೭ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಎಂಟು ರಾಜ್ಯಗಳಲ್ಲಿ ಬಹುಮತವನ್ನು ಕಳೆದುಕೊಂಡಿತು. ಸೋಲು ಬಂದೊಡನೆ ಪ್ರಶ್ನೆ ಎದ್ದಿತು. ಚಂದ್ರಶೇಖರ್ ಮೊದಲಾದ ಯುವ ತುರ್ಕರು ಎಡಕ್ಕೆ ಎಳೆದರು. ಮುರಾರ್ಜಿ ದೇಸಾಯಿ, ಕಾಮರಾಜ, ನಿಜಲಿಂಗಪ್ಪ ಮೊದಲಾದ ಹಿರಿಯರು ಬೇರೆ ದಿಕ್ಕಿನಲ್ಲಿದ್ದರು. ಇಲ್ಲಿ ನ್ಯಾಯ ತಪ್ಪಬಾರದು. ಈ ಹಿರಿಯರನ್ನೆಲ್ಲ ಶ್ರೀಮಂತರ ಏಜೆಂಟರೆಂದು ಕರೆದುಬಿಡುವುದು ಸುಲಭ, ಆದರೆ ಸತ್ಯವಲ್ಲ. ಕಾಮರಾಜರು ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಹಾಕಿಸಿದವರು. ನಿಜಲಿಂಗಪ್ಪನವರು ಕರ್ನಾಟಕದ ಏಕೀಕರಣಕ್ಕೆ ದುಡಿದ ಮಹನೀಯರು. ಅವರ ವಾದದಲ್ಲಿ ಎರಡು ಗಟ್ಟಿ ಅಂಶಗಳಿದ್ದವು. ಹಂಚುವುದಕ್ಕೆ ಮುಂಚೆ ಬೆಳೆಯಬೇಕು ಎಂಬುದು ಒಂದು. ಪಕ್ಷವೆಂಬುದು ಒಬ್ಬ ವ್ಯಕ್ತಿಯ ಇಚ್ಛೆಗಿಂತ ದೊಡ್ಡದು, ಅದರ ಶಿಸ್ತನ್ನು ಪ್ರಧಾನಿಯೂ ಮೀರಬಾರದು ಎಂಬುದು ಇನ್ನೊಂದು. ಎರಡನೆಯ ಮಾತು ಎಷ್ಟು ಸತ್ಯವಾಗಿತ್ತೆಂಬುದನ್ನು ಮುಂದೆ ಅರಸು ಅವರೇ ತಮ್ಮ ಮೈಮೇಲೆ ಅನುಭವಿಸಬೇಕಾಯಿತು.

ಬೆಂಗಳೂರಿನ ಸಭೆಗೆ ಇಂದಿರಾ ಗಾಂಧಿಯವರು ಆರ್ಥಿಕ ನೀತಿಯನ್ನು ಕುರಿತು ಒಂದು ಟಿಪ್ಪಣಿ ಕಳುಹಿಸಿದರು. ರಾಷ್ಟ್ರಾಧ್ಯಕ್ಷ ಪದವಿಗೆ ಹಿರಿಯರು ಸಂಜೀವ ರೆಡ್ಡಿಯವರನ್ನು ಆರಿಸಿದರು. ಜುಲೈ ೧೯ರಂದು ೧೪ ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆಗಸ್ಟಿನಲ್ಲಿ ಪಕ್ಷದ ಅಭ್ಯರ್ಥಿ ಸೋತು ವಿ. ವಿ. ಗಿರಿಯವರು ಗೆದ್ದರು. ನವೆಂಬರ್ ೧೨ರಂದು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಲಾಯಿತು, ಕಾಂಗ್ರೆಸ್ಸು ಎರಡಾಯಿತು. ಮೈಸೂರು ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ, ಶಾಸಕರಲ್ಲಿ ಬಹುಮಂದಿಯೂ ನಿಜಲಿಂಗಪ್ಪನವರ ಕಡೆಗೇ ಉಳಿದರು. ಅರಸು ಅವರು ಇಂದಿರಾ ಅವರ ಕಡೆ ಹೋದರು. ರಾಜ್ಯದಲ್ಲಿ ಆ ಕಾಂಗ್ರೆಸ್ಸನ್ನು ಬುಡದಿಂದ ಕಟ್ಟುವ ಹೊಣೆ ಅವರ ಮೇಲೆ ಬಿತ್ತು.

ಅವರು ಎಡಕ್ಕೆ ಹೋದದ್ದು ತತ್ತ್ವದಿಂದಲೋ, ಲೆಕ್ಕಾಚಾರದಿಂದಲೋ? ಎರಡೂ ಎಂದು ಹೇಳುವುದೇ ಪ್ರಾಮಾಣಿಕವಾದ ಉತ್ತರವೆಂದು ನಾನು ತಿಳಿದಿದ್ದೇನೆ. ರಾಜ್ಯದ ರಾಜಕೀಯವೆಲ್ಲ ಸಂಖ್ಯೆಯಲ್ಲಿಯೂ ಜಮೀನಿನಲ್ಲಿಯೂ ಬಲವುಳ್ಳ ಎರಡು ಸಮುದಾಯಗಳ ಸುತ್ತ ತಿರುಗುತ್ತಿದ್ದಾಗ, ಸಣ್ಣ ಜನಾಂಗದಲ್ಲಿ ಹುಟ್ಟಿದವನು ಮೇಲೇರುವ ದಾರಿ ಯಾವುದು? ತನ್ನಂತೆಯೇ ಸಣ್ಣದಾಗಿ, ಚದರಿ ಹೋಗಿರುವ ಜನಾಂಗಗಳನ್ನು ಕೂಡಿಸುವುದೊಂದೇ ದಾರಿ. ಕುರುಬರು, ಈಡಿಗರು, ಬೆಸ್ತರು, ಉಪ್ಪಾರರು, ಅಗಸರು, ಕ್ಷೌರಿಕರು, ಪರಿಶಿಷ್ಟರು, ಮುಸಲ್ಮಾನರು ಇವರೆಲ್ಲ ಸೇರಿದರೆ ಸಂಖ್ಯೆ ಸಣ್ಣದಲ್ಲ. ಇವರನ್ನು ಕೂಡಿಸಬೇಕಾದರೆ ಕೊಡುವುದಕ್ಕೆ ಏನಾದರೂ ಇರಬೇಕು: ಭೂಮಿ, ಸಾಲದಿಂದ ಬಿಡುಗಡೆ, ಓದು, ನೌಕರಿ. ಹೀಗೆ ಅವರ ಲೆಕ್ಕಾಚಾರವೇ ಅವರನ್ನು ತತ್ತ್ವದ ಬಾಗಿಲಿಗೆ ತಂದು ನಿಲ್ಲಿಸಿತು. ಬಾಗಿಲಲ್ಲೇ ನಿಲ್ಲದೆ ಒಳಗೆ ಕಾಲಿಟ್ಟದ್ದು ಅವರ ಹಿರಿಮೆ.

೧೯೭೧ರ ಲೋಕಸಭಾ ಚುನಾವಣೆಯಲ್ಲಿ ಅವರ ಕಾಂಗ್ರೆಸ್ಸು ರಾಜ್ಯದ ೨೭ ಸ್ಥಾನಗಳನ್ನೂ ಗೆದ್ದಿತು. ವೀರೇಂದ್ರ ಪಾಟೀಲರ ಮಂತ್ರಿಮಂಡಲ ಬಿದ್ದುಹೋಯಿತು. ೧೯೭೨ರ ವಿಧಾನಸಭಾ ಚುನಾವಣೆಯಲ್ಲಿ ೨೧೬ರಲ್ಲಿ ೧೬೫ ಸ್ಥಾನಗಳು ದೊರೆತು, ಮಾರ್ಚ್ ೨೦ರಂದು ಅರಸು ಅವರು ಮುಖ್ಯಮಂತ್ರಿಗಳಾದರು. ಅಲ್ಲಿಯವರೆಗೆ ವಿಧಾನಸಭೆಯ ಮೆಟ್ಟಿಲನ್ನೇ ಕಾಣದಿದ್ದ ಸಮುದಾಯಗಳ ತರುಣರಿಗೆ ಅವರು ಟಿಕೆಟ್ಟು ಕೊಟ್ಟಿದ್ದರು. ಆ ವರ್ಷ ಮೊದಲ ಬಾರಿ ಗೆದ್ದು ಬಂದ ಮಲ್ಲಿಕಾರ್ಜುನ ಖರ್ಗೆಯವರು ೨೦೨೨ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಆಯ್ಕೆಯಾದರು. ಪಕ್ಷದ ಎಡ ಬಲಗಳನ್ನು ಅದರ ಪ್ರಣಾಳಿಕೆಯಲ್ಲಿ ಹುಡುಕುವುದಕ್ಕಿಂತ ಅದರ ಅಭ್ಯರ್ಥಿಗಳ ಪಟ್ಟಿಯಲ್ಲಿ ಹುಡುಕುವುದು ಲೇಸು ಎಂಬ ಪಾಠ ಇದರಲ್ಲಿದೆ.

ಇನ್ನು ಅವರ ಕೆಲಸವನ್ನು ನೋಡೋಣ. ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ, ಗೇಣಿಗೆ ಕೊಟ್ಟಿದ್ದ ಜಮೀನುಗಳೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರಿದವು; ಉಳುತ್ತಿದ್ದವನು ೭ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಒಡೆತನವನ್ನು ಕೇಳಬಹುದಾಯಿತು. ಸ್ವಂತ ಬೇಸಾಯದ ನೆಪ ಹೋಯಿತು. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿಗೆ ೧೦ ಯೂನಿಟ್ಟುಗಳೆಂದು ಮಿತಿ ಬಂತು. ಉತ್ತಮ ನೀರಾವರಿ ಭೂಮಿಯಾದರೆ ೧೦ ಎಕರೆ, ಕೇವಲ ಮಳೆಯ ಖುಷ್ಕಿಯಾದರೆ ೫೪ ಎಕರೆ. ಆದರೆ ಈ ಶಾಸನದ ನಿಜವಾದ ಹೊಸತನ ಇದ್ದದ್ದು ನ್ಯಾಯ ಮಂಡಲಿಯಲ್ಲಿ. ಅರ್ಜಿಗಳನ್ನು ತೀರ್ಮಾನಿಸುವುದಕ್ಕೆ ತಾಲ್ಲೂಕುಗಳಲ್ಲಿ ಭೂ ನ್ಯಾಯ ಮಂಡಲಿಗಳು ಏರ್ಪಟ್ಟವು. ಅಸಿಸ್ಟೆಂಟ್ ಕಮೀಷನರು ಅಧ್ಯಕ್ಷರು. ಅವರೊಡನೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು. ಮೊದಲಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಒಕ್ಕಲಿನವನ ಕೈಯಲ್ಲಿ ಗೇಣಿಚೀಟಿ ಇರುವುದು ಅಪರೂಪ. ಅವನ ಸಾಕ್ಷಿಯೆಂದರೆ ನೆರೆಹೊರೆಯ ಹೊಲದವರ ಬಾಯಿಮಾತು. ಕಚೇರಿಯ ಕಾಗದಕ್ಕಿಂತ ಊರಿನ ತಿಳಿವಿಗೆ ಬೆಲೆ ಕೊಡುವ ಏರ್ಪಾಟು ಇದು. ಸುಮಾರು ೮ ಲಕ್ಷ ಅರ್ಜಿಗಳು ಬಂದವು. ೪ ಲಕ್ಷಕ್ಕೂ ಮೇಲ್ಪಟ್ಟು ಒಕ್ಕಲುಗಳಿಗೆ ಹಕ್ಕು ದೊರೆಯಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ತಲೆಮಾರುಗಳಿಂದ ಗೇಣಿಯಕ್ಕಿ ಅಳೆದು ಕೊಡುತ್ತಿದ್ದ ಮನೆಗಳು ಜಮೀನಿನ ಯಜಮಾನರಾದವು.

ಇದರ ಜೊತೆಗೆ ೧೯೭೨ರಲ್ಲಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಅದು ೧೯೭೫ರಲ್ಲಿ ವರದಿ ಒಪ್ಪಿಸಿತು. ೧೯೭೭ರಲ್ಲಿ ಸರ್ಕಾರ ಮೀಸಲಾತಿಯ ಆಜ್ಞೆ ಹೊರಡಿಸಿತು. ಬಡ ರೈತರ ಮತ್ತು ಕೂಲಿಗಳ ಸಾಲವನ್ನು ಮನ್ನಾ ಮಾಡುವ ಶಾಸನ ಬಂತು; ಜೀತ ಕಾನೂನುಬಾಹಿರವಾಯಿತು. ಸಚಿವ ಬಿ. ಬಸವಲಿಂಗಪ್ಪನವರು ಮಲವನ್ನು ತಲೆಯ ಮೇಲೆ ಹೊರುವ ಹೀನ ಪದ್ಧತಿಯನ್ನು ನಿಲ್ಲಿಸಿದರು. ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿನಿಲಯಗಳು ಹೆಚ್ಚಿದವು. ಅಂಥದೊಂದು ನಿಲಯದ ಅನ್ನವನ್ನುಂಡು ನಾನು ಈ ಕಾಲೇಜಿನಲ್ಲಿ ಓದುತ್ತಿದ್ದೇನೆ ಎಂಬುದನ್ನು ಹೇಳದಿದ್ದರೆ, ನನ್ನ ತೀರ್ಪಿನ ಮೇಲೆ ಇರುವ ಋಣದ ಭಾರವನ್ನು ವಾಚಕರಿಂದ ಮುಚ್ಚಿಟ್ಟಂತಾಗುತ್ತದೆ.

ಋಣವಿದೆಯೆಂದು ಲೋಪಗಳನ್ನು ಮರೆಮಾಡಲಾಗದು. ಭೂಸುಧಾರಣೆಯ ಫಲ ಕಂಡದ್ದು ಹೆಚ್ಚಾಗಿ ಗೇಣಿಪದ್ಧತಿ ಬಲವಾಗಿದ್ದ ಕರಾವಳಿ ಮಲೆನಾಡುಗಳಲ್ಲಿ. ನಮ್ಮ ಶಾಗ್ಯದ ಕಡೆ ಮಳೆಯನ್ನೇ ನಂಬಿದ ರಾಗಿಯ ಹೊಲಗಳು. ತುಂಡು ನೆಲದ ಒಡೆಯನೇ ಅದನ್ನು ಉಳುವವನು. ಅವನಿಗೆ ೭ನೆಯ ನಮೂನೆಯಿಂದ ಆಗಬೇಕಾದದ್ದು ಏನೂ ಇಲ್ಲ. ನೆಲವೇ ಇಲ್ಲದ ಕೂಲಿಗಾರನಂತೂ ಗೇಣಿದಾರನೂ ಅಲ್ಲ. ಅವನು ಅರ್ಜಿ ಬರೆಯುವುದಾದರೂ ಯಾವ ಹೊಲಕ್ಕೆ? ಮಿತಿಗೆ ಮೀರಿದ ಜಮೀನನ್ನು ಹಿಡಿದು ಅವನಿಗೆ ಹಂಚಬೇಕಾಗಿತ್ತು. ಆ ಭಾಗ ಸೊರಗಿತು. ಏಕೆಂದರೆ ಮಿತಿಯನ್ನು ತಪ್ಪಿಸಿಕೊಳ್ಳುವ ಭಾಗಪತ್ರಗಳು ಎಂದೋ ಸಿದ್ಧವಾಗಿದ್ದವು. ಉಳುವವನಿಗೆ ಭೂಮಿ ಎಂಬ ಧ್ಯೇಯದಲ್ಲಿ, ಕೂಲಿಗೆ ಉಳುವವನು ಲೆಕ್ಕಕ್ಕೆ ಬರಲಿಲ್ಲ.

ಇನ್ನೊಂದು ಲೋಪ ಇದಕ್ಕಿಂತ ಕರಾಳವಾದದ್ದು. ಈ ಕೆಲಸಗಳಲ್ಲಿ ಹಲವು ನಡೆದದ್ದು ತುರ್ತು ಪರಿಸ್ಥಿತಿಯ ನೆರಳಿನಲ್ಲಿ. ೧೯೭೫ರ ಜೂನಿನಿಂದ ಎರಡು ವರ್ಷಗಳ ಹತ್ತಿರ ದೇಶದಲ್ಲಿ ಪತ್ರಿಕೆಗಳ ಬಾಯಿ ಕಟ್ಟಿತ್ತು, ವಿರೋಧಿಗಳು ಸೆರೆಯಲ್ಲಿದ್ದರು. ಬೆಂಗಳೂರಿನ ಸೆರೆಮನೆಯಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ, ತೀರಿಕೊಂಡರು. ಅರಸು ಅವರು ಇದನ್ನು ವಿರೋಧಿಸಲಿಲ್ಲ. ಅವರ ಆಡಳಿತದ ಮೇಲೆ ಲಂಚ, ಸ್ವಜನಪಕ್ಷಪಾತಗಳ ಆರೋಪ ಬಂದು, ಗ್ರೋವರ್ ಆಯೋಗ ವಿಚಾರಣೆ ನಡೆಸಿ ಕೆಲವು ಆರೋಪಗಳಲ್ಲಿ ಹುರುಳಿದೆಯೆಂದು ಹೇಳಿತು. ಬಡವರಿಗಾಗಿ ದುಡಿದವರೆಂಬ ಕಾರಣದಿಂದ ಇವು ಅಳಿಸಿಹೋಗುವುದಿಲ್ಲ. ಎಡಕ್ಕೆ ಹೋಗುವ ಪಕ್ಷ ಮೊದಲು ಕೈಯನ್ನು ಶುದ್ಧವಾಗಿಟ್ಟುಕೊಳ್ಳಬೇಕು. ಇಲ್ಲವಾದರೆ ಅದರ ವೈರಿಗಳು ಕೈಯ ಕೊಳೆಯನ್ನು ತೋರಿಸಿ ಅದರ ಕೆಲಸವನ್ನೇ ಹಳಿಯುತ್ತಾರೆ.

ಆದರೂ ಜನ ಅವರನ್ನು ಕೈಬಿಡಲಿಲ್ಲ. ೧೯೭೭ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಕೊಚ್ಚಿಹೋದಾಗ, ಕರ್ನಾಟಕದಲ್ಲಿ ೨೮ರಲ್ಲಿ ೨೬ ಸ್ಥಾನ ಗೆದ್ದಿತು. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಅವರ ಮಂತ್ರಿಮಂಡಲವನ್ನು ವಜಾ ಮಾಡಿತು. ೧೯೭೮ರ ಫೆಬ್ರವರಿಯ ಚುನಾವಣೆಯಲ್ಲಿ ೨೨೪ರಲ್ಲಿ ೧೪೯ ಸ್ಥಾನ ಗೆದ್ದು ಅವರು ಮರಳಿ ಬಂದರು. ಅದೇ ವರ್ಷ ನವೆಂಬರಿನಲ್ಲಿ, ಸೋತು ಒಂಟಿಯಾಗಿದ್ದ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದದ್ದು ಅರಸು ಅವರ ಆಸರೆಯಿಂದ. ಎದುರಾಳಿಯಾಗಿದ್ದವರು ವೀರೇಂದ್ರ ಪಾಟೀಲರು.

ಅನಂತರ ವಿರಸ ಹುಟ್ಟಿತು. ಮುಖ್ಯಮಂತ್ರಿ ಪದವಿಯನ್ನೂ ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನೂ ಒಬ್ಬರೇ ಹೊಂದುವ ವಿಷಯದಲ್ಲಿ ಮನಸ್ತಾಪ ಬೆಳೆಯಿತು. ಸಂಜಯ ಗಾಂಧಿಯವರ ಮೇಲುಗೈಯನ್ನು ಅರಸು ಒಪ್ಪಲಿಲ್ಲ. ೧೯೭೯ರಲ್ಲಿ ಅವರನ್ನು ಪಕ್ಷದಿಂದ ಹೊರಹಾಕಲಾಯಿತು. ಹತ್ತು ವರ್ಷಗಳ ಹಿಂದೆ ನಿಜಲಿಂಗಪ್ಪನವರು ಎತ್ತಿದ್ದ ಪ್ರಶ್ನೆ, ಪಕ್ಷ ದೊಡ್ಡದೋ ವ್ಯಕ್ತಿ ದೊಡ್ಡದೋ ಎಂಬುದು, ಈಗ ಅರಸು ಅವರ ಎದುರಿಗೇ ಬಂದು ನಿಂತಿತು. ಅವರು ತಮ್ಮದೇ ಕಾಂಗ್ರೆಸ್ಸನ್ನು ನಡೆಸಿದರು. ೧೯೮೦ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ೨೮ ಸ್ಥಾನಗಳಲ್ಲಿ ೨೭ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಅರಸು ಅವರ ಪಕ್ಷಕ್ಕೆ ಒಂದೂ ಇಲ್ಲ. ಶಾಸಕರು ಒಬ್ಬೊಬ್ಬರಾಗಿ ಆ ಕಡೆ ನಡೆದರು. ಅರಸು ರಾಜೀನಾಮೆ ಕೊಟ್ಟರು. ಮುಂದೆ ಕ್ರಾಂತಿರಂಗವನ್ನು ಕಟ್ಟಿದರು. ಅದು ಬೇರು ಬಿಡುವ ಮುಂಚೆಯೇ ೧೯೮೨ರ ಜೂನ್ ೬ರಂದು ಕಾಲವಾದರು. ೧೯೮೩ರಲ್ಲಿ ಜನತಾ ಪಕ್ಷವೂ ಕ್ರಾಂತಿರಂಗವೂ ಕೂಡಿ ರಾಜ್ಯದಲ್ಲಿ ಕಾಂಗ್ರೆಸ್ಸನ್ನು ಮೊದಲ ಬಾರಿಗೆ ಸೋಲಿಸಿದಾಗ ಅದನ್ನು ನೋಡಲು ಅವರಿರಲಿಲ್ಲ.

೧೯೮೦ರ ಸೋಲನ್ನು ತೋರಿಸಿ, ಎಡದ ದಾರಿ ಸೋತಿತೆಂದು ವಾದಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಂದು ಯಾವ ಪಕ್ಷವೂ ಜಮೀನನ್ನು ಒಡೆಯರಿಗೆ ಹಿಂದಿರುಗಿಸುತ್ತೇನೆಂದು ಮತ ಕೇಳಲಿಲ್ಲ. ಕೆಲಸವನ್ನು ಜನ ಒಪ್ಪಿಕೊಂಡಿದ್ದರು. ಕೆಲಸ ಮಾಡಿದವನನ್ನು ಬಿಟ್ಟು ಅದರ ಹೆಸರು ಯಾರ ಮುಖಕ್ಕೆ ಅಂಟಿತ್ತೋ ಅವರನ್ನು ಆರಿಸಿದರು. ಜಮೀನು ಪಡೆದ ಲಕ್ಷಾಂತರ ಮಂದಿ ಫಲಾನುಭವಿಗಳಾಗಿಯೇ ಉಳಿದರು. ಊರೂರಿನಲ್ಲಿ ಕೂತು ಚರ್ಚಿಸುವ, ಚಂದಾ ಕೊಡುವ, ನಾಯಕನನ್ನೂ ಪ್ರಶ್ನಿಸುವ ಸಂಘಟನೆಯಾಗಿ ಬೆಳೆಯಲಿಲ್ಲ. ಅರಸು ಅವರು ದಿಕ್ಕನ್ನು ಸರಿಯಾಗಿ ಹಿಡಿದರು, ಬಂಡಿಯನ್ನು ಮಾತ್ರ ಬೇರೆಯವರಿಂದ ಎರವಲು ತಂದರು. ಒಡತಿ ಬಂಡಿಯನ್ನು ಕೇಳಿದಾಗ ಅವರು ನಡುದಾರಿಯಲ್ಲಿ ಇಳಿಯಬೇಕಾಯಿತು.

ಹಾಗಾದರೆ ನಡುದಾರಿಯ ಪಕ್ಷ ಎತ್ತ ಸರಿಯಬೇಕು? ಹಂಚುವುದಕ್ಕೆ ಮುಂಚೆ ಬೆಳೆಯಬೇಕೆಂಬ ಬಲಪಂಥದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಕ್ಕುಪತ್ರ ಪಡೆದವನಿಗೆ ನೀರು, ಬೀಜ, ಅಗ್ಗದ ಸಾಲ, ಮಾರುಕಟ್ಟೆ ದೊರೆಯದಿದ್ದರೆ ಆ ಪತ್ರ ಪೆಟ್ಟಿಗೆಯಲ್ಲಿ ಹಳದಿಯಾಗುತ್ತದೆ. ಆದರೆ ಬೆಳೆದ ಮೇಲೆ ತಾನಾಗಿಯೇ ಹಂಚಿಕೆಯಾಗುತ್ತದೆಂಬುದು ೧೯೬೧ರ ಶಾಸನದ ಅನುಭವದಿಂದ ಸುಳ್ಳಾಗಿದೆ; ಕಾಯಿಸಿದಷ್ಟೂ ಕಾಲ ಉಳ್ಳವನಿಗೇ ಲಾಭವಾಯಿತು. ೨೦೨೦ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಶಾಸನವನ್ನು ತಿದ್ದಿ, ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದಾಗ ಈ ವಾದ ಮತ್ತೆ ಎದ್ದಿತು. ಶಾಗ್ಯದ ತುಂಡುಹೊಲದವನಿಗೆ ಅದು ಒಳ್ಳೆಯ ಬೆಲೆಯ ಆಸೆಯನ್ನೂ ತೋರಿಸುತ್ತದೆ, ಮಾರಿದ ಮರುವರ್ಷ ತನ್ನ ಹೊಲದಲ್ಲೇ ಕೂಲಿಯಾಗುವ ಭಯವನ್ನೂ ತೋರಿಸುತ್ತದೆ.

ಆದ್ದರಿಂದ ಪಕ್ಷ ಎಡಕ್ಕೇ ಸರಿಯಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಅರಸು ಅವರು ಎಲ್ಲಿ ನಿಂತರೋ ಅಲ್ಲಿಂದ ಮುಂದಕ್ಕೆ ಸರಿಯಬೇಕು. ಗೇಣಿದಾರನವರೆಗೆ ಬಂದ ಕಾನೂನು ಕೂಲಿಗಾರನವರೆಗೆ ಬರಬೇಕು. ನೆಲದ ಪ್ರಶ್ನೆ ತೀರಿದಲ್ಲಿ ನೀರಿನ, ಕೂಲಿದರದ, ಶಾಲೆಯ ಪ್ರಶ್ನೆಯನ್ನು ಎತ್ತಬೇಕು. ನಾಯಕನ ಮುಖವನ್ನು ನಂಬಿ ನಿಲ್ಲದೆ, ತಾಲ್ಲೂಕಿನ ನ್ಯಾಯ ಮಂಡಲಿಯಲ್ಲಿ ಕೂತ ಆ ನಾಲ್ವರು ಸಾಮಾನ್ಯ ಸದಸ್ಯರಂತೆ, ಊರಿನವರನ್ನೇ ತೀರ್ಪಿನ ಜಾಗದಲ್ಲಿ ಕೂರಿಸಬೇಕು. ಇದಕ್ಕೆ ಒಪ್ಪದ ಮಿತ್ರರು ಮುಂದಿನ ಸಂಚಿಕೆಯಲ್ಲಿ ನಿಜಲಿಂಗಪ್ಪನವರ ಬಾಳನ್ನು ಬರೆದು ನನಗೆ ಉತ್ತರ ಕೊಡಲಿ. ಓದಲು ನಾನು ಮೊದಲಿಗನಾಗಿರುತ್ತೇನೆ.